ಜೆಪ್ಪುವಿನ ಮೋರಿಸ್ ಮೈನರ್: ಹೊಳಪು ಕಡಿಮೆ, ಕಾರು ಗಟ್ಟಿ

ಮಂಗಳೂರಿನ ಜೆಪ್ಪುವಿನ ಹಳೆಯ ಮನೆಯೊಂದರ ಶೆಡ್ಡಿನಲ್ಲಿ 1953ರ ಮೋರಿಸ್ ಮೈನರ್ ಮಾರಾಟಕ್ಕಿದೆ. ನಾಲ್ಕು ಬಾಗಿಲಿನ ಸಲೂನ್, ಬೂದು ಬಣ್ಣ, ಮುಂದಿನ ಗಾಜು ಎರಡು ತುಂಡು. ಹೇಳುತ್ತಿರುವ ರೇಟು 6 ಲಕ್ಷ. ಮಣಿಪಾಲದಲ್ಲಿರುವ ನನ್ನ ಭಾವನ ಮಗನಿಗೆ ಹಳೆಯ ಕಾರಿನ ಹುಚ್ಚು ಹಿಡಿದಿದೆ. "ಮಾವ, ನೀವೊಮ್ಮೆ ನೋಡಿ ಹೇಳಿ" ಅಂದ. ನಾನು ವಾಹನ ವಿಮೆಯ ಸರ್ವೇಯರ್ ಆಗಿದ್ದವನು. ಕೆಲಸದಲ್ಲಿದ್ದಷ್ಟು ದಿನ ಗುದ್ದಿದ, ಮಗುಚಿದ, ನೆರೆಯಲ್ಲಿ ಮುಳುಗಿದ ಕಾರುಗಳನ್ನೇ ನೋಡಿದ್ದೇನೆ. ಅದರಿಂದ ಬಂದ ಅಭ್ಯಾಸ ಒಂದುಂಟು. ಫಳಫಳ ಹೊಳೆಯುವ ಹಳೆಯ ಕಾರು ಕಂಡರೆ ಮೊದಲು ಅನುಮಾನ ಬರುತ್ತದೆ.

ಈ ಕಾರು ಹೊಳೆಯುವುದಿಲ್ಲ. ನನಗೆ ಮೊದಲು ಹಿಡಿಸಿದ್ದೇ ಅದು.

ಕಾರು ಈಗ ಇರುವುದು ಮನೆಯ ಒಡತಿ ಬಾಯಮ್ಮನ ಹೆಸರಿನಲ್ಲಿ. ಕೊಂಡವರು ಅವರ ಮಾವ, ಓಡಿಸಿ ನೋಡಿಕೊಂಡವರು ಗಂಡ. ಗಂಡ ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದವರಂತೆ. ಲೆಕ್ಕದವರು ಅಂತ ಕಾರು ನೋಡಿದರೇ ಗೊತ್ತಾಗುತ್ತದೆ. ಆಯಿಲ್ ಬದಲಿಸಿದ್ದು, ಗ್ರೀಸ್ ಹೊಡೆದದ್ದು, ಬ್ಯಾಟರಿಗೆ ನೀರು ಹಾಕಿದ್ದು, ಎಲ್ಲ ಒಂದು ಉದ್ದ ಪುಸ್ತಕದಲ್ಲಿ ದಿನಾಂಕದ ಸಮೇತ ಉಂಟು. ಮಕ್ಕಳು ಇಬ್ಬರೂ ಹೊರದೇಶದಲ್ಲಿ. ಜಾಗ ಬಿಲ್ಡರಿಗೆ ಕೊಟ್ಟಾಗಿದೆ, ಮನೆ ಕೆಡವಿ ಅಪಾರ್ಟ್‌ಮೆಂಟ್ ಏಳುತ್ತದೆ. ಕಾರು ಮಾರುವುದಕ್ಕೆ ಅಷ್ಟೇ ಕಾರಣ. ಕಾರಿನಲ್ಲಿ ಏನೋ ಐಬು ಇದ್ದು ಕೈ ತೊಳೆದುಕೊಳ್ಳುವ ಕೇಸ್ ಇದಲ್ಲ.

ಈ ಮಾಡೆಲ್ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನ ಮಾತು ಅರ್ಥ ಆಗುವುದಿಲ್ಲ. ಮೋರಿಸ್ ಮೈನರ್ ಮೊದಲು ಜನರ ಕಣ್ಣಿಗೆ ಬಿದ್ದದ್ದು 1948ರಲ್ಲಿ, ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟರ್ ಶೋನಲ್ಲಿ. ವಿನ್ಯಾಸ ಅಲೆಕ್ ಇಸಿಗೋನಿಸ್ ಅವರದ್ದು. ಆಮೇಲೆ ಮಿನಿ ಎಂಬ ಪುಟ್ಟ ಕಾರು ಮಾಡಿದವರೂ ಅವರೇ. ಕಂಪನಿಯ ಧಣಿ ಲಾರ್ಡ್ ನಫೀಲ್ಡ್‌ಗೆ ಈ ಕಾರಿನ ರೂಪ ಸ್ವಲ್ಪವೂ ಹಿಡಿಸಿರಲಿಲ್ಲ. ನೀರಲ್ಲಿ ಬೇಯಿಸಿದ ಮೊಟ್ಟೆಯ ಹಾಗಿದೆ ಅಂತ ಬೈದಿದ್ದರು. ಆ ಮೊಟ್ಟೆ ಮುಂದೆ ಹತ್ತು ಲಕ್ಷದ ಲೆಕ್ಕ ದಾಟಿದ ಮೊದಲ ಬ್ರಿಟಿಷ್ ಕಾರಾಯಿತು. 1971ರಲ್ಲಿ ತಯಾರಿ ನಿಲ್ಲುವಾಗ ಒಟ್ಟು 16 ಲಕ್ಷ ಕಾರು ಹೊರಬಂದಿದ್ದವು. ನಮ್ಮ ದೇಶದಲ್ಲೂ ಹಿಂದೂಸ್ತಾನ್ ಮೋಟರ್ಸ್‌ನವರು ಇದನ್ನು ಬೇಬಿ ಹಿಂದೂಸ್ತಾನ್ ಅಂತ ಹೆಸರಿಟ್ಟು ಮಾರಿದರು.

ಜೆಪ್ಪುವಿಗೆ ಹೋದರೆ ಬಾನೆಟ್ ಮೇಲೆ ಕೈ ಆಡಿಸಿ ನೋಡಿ. ನಟ್ಟ ನಡುವೆ ಉದ್ದಕ್ಕೆ ಚಪ್ಪಟೆಯ ಪಟ್ಟಿಯೊಂದು ಕೈಗೆ ಸಿಗುತ್ತದೆ. ಕಾರು ಇನ್ನೇನು ತಯಾರಿಗೆ ಹೋಗಬೇಕು ಅನ್ನುವಾಗ ಇಸಿಗೋನಿಸ್‌ಗೆ ಇದು ಕಿರಿದಾಯಿತು ಅನಿಸಿತು. ನಮೂನೆಯ ಕಾರನ್ನು ಉದ್ದಕ್ಕೆ ಕೊಯ್ಯಿಸಿ, ಎರಡು ಹೋಳನ್ನು ದೂರ ಸರಿಸುತ್ತ ಹೋಗಿ, ಸರಿ ಅನಿಸಿದಲ್ಲಿ ನಿಲ್ಲಿಸಿದರು. 4 ಇಂಚು ಅಗಲ ಆಯಿತು. ಆ 4 ಇಂಚಿನ ಗುರುತೇ ಬಾನೆಟ್ಟಿನ ಪಟ್ಟಿ. ಮೊದಲ ಕಾರುಗಳ ಬಂಪರ್ ಅಷ್ಟರಲ್ಲೇ ತಯಾರಾಗಿದ್ದರಿಂದ ಅದನ್ನೂ ಕತ್ತರಿಸಿ ನಡುವೆ ತುಂಡು ಸೇರಿಸಿದ್ದರು. ಜೆಪ್ಪುವಿನದ್ದು ಸೀರೀಸ್ 2, ಅಂದರೆ ಈ ಮಾಡೆಲಿನ ಎರಡನೆಯ ಆವೃತ್ತಿ, ಅಷ್ಟರಲ್ಲಿ ಬಂಪರ್ ಒಂದೇ ತುಂಡಾಗಿತ್ತು. ಈ ಪಟ್ಟಿಯ ಎರಡೂ ಅಂಚು ಗೆರೆ ಎಳೆದಷ್ಟು ನೇರ ಇರಬೇಕು. ಬಾನೆಟ್ ಬಡಿದು ನೇರ ಮಾಡಿದ ಕಾರಿನಲ್ಲಿ ಮೊದಲು ಕೆಡುವುದು ಇದೇ. ಇಲ್ಲಿ ಕೆಟ್ಟಿಲ್ಲ.

ಇನ್ನು ತುಕ್ಕು. ಮಂಗಳೂರಿನಲ್ಲಿ ಹಳೆಯ ಕಾರು ನೋಡುವುದೆಂದರೆ ತುಕ್ಕು ನೋಡುವುದೇ ಅಲ್ವಾ? ನೇತ್ರಾವತಿ ಕೂಗಳತೆ ದೂರದಲ್ಲಿದೆ, ಅದರಾಚೆ ಸಮುದ್ರ. ಉಪ್ಪಿನ ಗಾಳಿ, ಜೂನಿನಿಂದ ಸೆಪ್ಟೆಂಬರ್ ತನಕ ಜಡಿಮಳೆ. ಕಬ್ಬಿಣ ಉಳಿಯುವುದೇ ಹೆಚ್ಚು. ಅದರ ಮೇಲೆ ಮೈನರ್‌ಗೆ ಲಾರಿ, ಜೀಪುಗಳ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ಭಾಗ, ಮುಂದಿನ ಸೀಟಿನ ಅಡಿಯಲ್ಲಿ ಅಡ್ಡಕ್ಕೆ ಹೋಗುವ ಮೆಂಬರ್, ಹಿಂದಿನ ಪ್ಲೇಟು ಸ್ಪ್ರಿಂಗ್ ನೇತಾಡುವ ಜಾಗ, ಈ ಮೂರು ಹಾಳಾದರೆ ಕಾರಿನ ಬೆನ್ನೆಲುಬು ಹೋಯಿತು. ಮೇಲೆ ಎಷ್ಟು ಪೇಂಟ್ ಹೊಡೆದರೂ ಪ್ರಯೋಜನ ಇಲ್ಲ.

ಬಟ್ಟೆ ಸುತ್ತಿದ ಮ್ಯಾಗ್ನೆಟ್ ನನ್ನ ಚೀಲದಲ್ಲಿ ಈಗಲೂ ಇರುತ್ತದೆ. ತಗಡು ಇದ್ದಲ್ಲಿ ಅದು ಹಿಡಿಯುತ್ತದೆ, ಪುಟ್ಟಿ ಮೆತ್ತಿದಲ್ಲಿ ಜಾರುತ್ತದೆ. ಬಾಗಿಲಿನ ಕೆಳಗೆ ಎರಡೂ ಬದಿ ಉದ್ದಕ್ಕೆ ಇಟ್ಟು ನೋಡಿದೆ. ಹಿಡಿಯಿತು. ಎಡಬದಿಯ ಹಿಂದಿನ ಚಕ್ರದ ಮುಂದೆ ಒಂದು ಗೇಣು ಜಾಗದಲ್ಲಿ ಸಡಿಲ. ಅಲ್ಲಿ ಪುಟ್ಟಿ ಉಂಟು. ಆಮೇಲೆ ಅಡಿಗೆ ಹೋಗಲು ಬಗ್ಗಿದಾಗ ಬಾಯಮ್ಮ, "ಭಟ್ರೇ, ಅಂಗಿ ಹಾಳಾಗ್ತದೆ. ನಿಲ್ಲಿ, ಚಾಪೆ ತರಿಸ್ತೇನೆ" ಅಂದರು. ಚಾಪೆ ಬಂತು, ಹಿಂದೆಯೇ ಎಳನೀರಿನ ಬೊಂಡವೂ ಬಂತು. ಮಾರುವವರು ಅಡಿ ನೋಡಲು ಚಾಪೆ ಕೊಡುತ್ತಾರೆ ಅಂದರೆ ಮುಚ್ಚಿಡುವುದು ಏನೂ ಇಲ್ಲ ಅಂತ ಅರ್ಥ. ಕೆಲವರು ಇದೇ ಹೊತ್ತಿಗೆ ಚಾ ಕುಡಿಯಲು ಒಳಗೆ ಕರೆಯುತ್ತಾರೆ.

ಅಡಿಯಲ್ಲಿ ಅಡ್ಡ ಮೆಂಬರ್ ಪೂರ್ತಿ ಉಂಟು. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಟಣ್ ಅನ್ನುತ್ತದೆ. ಹಳೆಯ ಎಂಜಿನ್ ಆಯಿಲ್ ಹಚ್ಚಿ ಹಚ್ಚಿ ಕಪ್ಪು ಪದರ ಕಟ್ಟಿದೆ. ನೋಡಲು ಕೊಳಕು, ಕಬ್ಬಿಣ ಉಳಿಸಿದ್ದು ಮಾತ್ರ ಅದೇ. ಎಡಗಡೆ ಹಿಂದಿನ ಸ್ಪ್ರಿಂಗ್ ಹಿಡಿಯುವಲ್ಲಿ ಹಳೆಯದೊಂದು ಗ್ಯಾಸ್ ವೆಲ್ಡಿಂಗ್ ಪ್ಯಾಚ್ ಇದೆ. ಅಂದ ಇಲ್ಲ, ಆದರೆ ಗಟ್ಟಿ. ಮೇಲೆ ಹೇಳಿದ ಪುಟ್ಟಿಯೂ ಆ ಕೆಲಸದ್ದೇ. ಲೆಕ್ಕದ ಪುಸ್ತಕದಲ್ಲಿ ಅದನ್ನೂ ಬರೆದಿಟ್ಟಿದ್ದಾರೆ.

ಡಿಕ್ಕಿ ತೆರೆದರೆ ಸಾಮಾನು ಇಡುವ ಹಲಗೆಯ ಕೆಳಗೆ ಸ್ಟೆಪ್ನಿಗೆ ಬೇರೆಯೇ ಗೂಡು. ಸ್ಟೆಪ್ನಿ ಎಳೆದು ಬೆರಳು ಹಾಕಿದೆ. ಒಣ ಧೂಳು, ಒಂದು ಜಿರಳೆ ಮೊಟ್ಟೆ. ನೀರಿನ ಕಲೆ ಇಲ್ಲ. ಹೊರಗೆ ಎಂದೋ ಒಮ್ಮೆ ಪೇಂಟ್ ಹೊಡೆಸಿದ್ದಾರೆ, ಬಾನೆಟ್ ಅಂಚಿನಲ್ಲಿ ಬಿರುಕು ಬಿಟ್ಟಿದೆ. ಗೂಡಿನ ಒಳಗೆ ಮಾತ್ರ ಕಂಪನಿಯ ಪೇಂಟೇ ಉಳಿದಿದೆ. ಅದೂ ಬೂದು. ಅಂದರೆ ಬಣ್ಣ ಬದಲಾಗಿಲ್ಲ.

ನನ್ನ ಜೊತೆ ಬಂದವನು ಅಂಬಾಸಿಡರ್ ಬಿಚ್ಚಿ ಜೋಡಿಸಿಯೇ ತಲೆ ಹಣ್ಣಾದ ಮೆಕ್ಯಾನಿಕ್. ಅಡಿಯಿಂದ ತಲೆ ಹೊರಗೆ ಹಾಕಿ, "ಇದು ನಮ್ಮ ಅಂಬಾಸಿಡರಿನ ತಮ್ಮನೇ ಅಲ್ವಾ ಸಾರ್" ಅಂದ. ಸುಳ್ಳಲ್ಲ. ಅಂಬಾಸಿಡರ್ ಅಂದರೆ ಮೋರಿಸ್ ಆಕ್ಸ್‌ಫರ್ಡ್. ಮುಂದೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ಸರಳು, ರ್‍ಯಾಕ್ ಸ್ಟೇರಿಂಗ್, ಎಲ್ಲ ಅದೇ ಜಾತಿ. ಮಂಗಳೂರಿನಲ್ಲಿ ಅಂಬಾಸಿಡರ್ ಬಲ್ಲ ಹಳೆಯ ಕೈಗಳು ಇನ್ನೂ ಒಂದಷ್ಟು ಉಳಿದಿವೆ. ಅಷ್ಟರ ಮಟ್ಟಿಗೆ ಈ ಕಾರು ಇಟ್ಟುಕೊಳ್ಳುವುದು ಸುಲಭ. ಇಬ್ಬರ ಸ್ಪೇರ್ ಪಾರ್ಟ್ ಒಂದೇ ಅಂತ ಮಾತ್ರ ತಿಳಿಯಬೇಡಿ. ಮೈನರ್‌ದು ಎಲ್ಲ ಚಿಕ್ಕದು.

ಮುಂದಿನ ಚಕ್ರ ತಿರುಗುವ ಜಾಗದ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ಮರೆ, ಅಂದರೆ ಸ್ಕ್ರೂವಿನ ಹಾಗೆ ಸುತ್ತುಗೆರೆ, ಇರುವ ಟ್ರನಿಯನ್ ಅನ್ನುವ ಕೀಲು ಇರುತ್ತದೆ. ಗ್ರೀಸ್ ತಪ್ಪಿಸಿದರೆ ಮರೆ ಸವೆದು, ಒಂದು ದಿನ ತಿರುವಿನಲ್ಲಿ ಚಕ್ರವೇ ಮಡಚಿ ಒಳಗೆ ಹೋಗುತ್ತದೆ. ಮೈನರ್ ಕಾರಿಗೆ ಲೋಕವಿಡೀ ಇದೇ ಕೆಟ್ಟ ಹೆಸರು. ಜ್ಯಾಕ್ ಕೊಟ್ಟು ಚಕ್ರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆವು. ಬಲಗಡೆ ಸರಿ. ಎಡಗಡೆ ಸ್ವಲ್ಪ ಆಟ ಉಂಟು. ಈಗಲೇ ಹೆದರುವಂಥದ್ದಲ್ಲ, ಆದರೆ ಕೊಂಡವರು ಮೊದಲು ಮಾಡಿಸಬೇಕಾದ ಕೆಲಸ ಇದೇ. ಪೇಂಟು, ಸೀಟ್ ಕವರು ಎಲ್ಲ ಆಮೇಲೆ.

ಬಾನೆಟ್ ಎತ್ತಿದರೆ ಒಳಗೆ ಎಷ್ಟು ಜಾಗ ಅಂದರೆ, ಇವತ್ತಿನ ಕಾರು ಓಡಿಸುವವರಿಗೆ ಏನೋ ಕಳವಾಗಿದೆ ಅನಿಸಬಹುದು. 803 ಸಿಸಿಯ ಎ ಸೀರೀಸ್ ಎಂಜಿನ್, 30 ಹಾರ್ಸ್ ಪವರ್. ಕಾರಿನ ಜೊತೆ ಬಂದ ಎಂಜಿನ್ನೇ. ಪ್ಲೇಟಿನ ನಂಬರ್, ಎಂಜಿನ್ ನಂಬರ್, ಆರ್‌ಸಿಯಲ್ಲಿರುವ ನಂಬರ್ ಮೂರನ್ನೂ ತಾಳೆ ನೋಡಿದೆ. ಎಸ್‌ಯು ಕಾರ್ಬುರೇಟರ್, ಲೂಕಾಸ್ ಡೈನಮೋ. ಕೀ ತಿರುಗಿಸಿದ ಕೂಡಲೇ ಪೆಟ್ರೋಲ್ ಪಂಪ್ ಟಿಕ್ ಟಿಕ್ ಅನ್ನುತ್ತದೆ. ಕಾರ್ಬುರೇಟರ್ ತುಂಬಿದ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಎಲ್ಲೋ ಸೋರುತ್ತಿದೆ ಅಂತ ಲೆಕ್ಕ. ಇಲ್ಲಿ ಕೆಲವು ಸೆಕೆಂಡಿನಲ್ಲಿ ನಿಂತಿತು. ಚೋಕ್ ಎಳೆದು, ಸೆಲ್ಫಿನ ಗುಬ್ಬಿ ಎಳೆದರೆ ಎಂಜಿನ್ ಹಿಡಿಯಿತು. ನೀಲಿ ಹೊಗೆ ಇಲ್ಲ. ಟ್ಯಾಪೆಟ್ ಸದ್ದು ಸ್ವಲ್ಪ ಜಾಸ್ತಿ.

ವಯರಿಂಗ್ ಮುಟ್ಟುವ ಮೊದಲು ಒಂದು ಮಾತು ನೆನಪಿರಲಿ. ಈ ಕಾರಿನ ಅರ್ತ್ ಪಾಸಿಟಿವ್. ಬ್ಯಾಟರಿಯ ಪ್ಲಸ್ ಕಡೆ ಬಾಡಿಗೆ ಹೋಗುತ್ತದೆ. ಗೊತ್ತಿಲ್ಲದ ಎಲೆಕ್ಟ್ರಿಷಿಯನ್ ಹುಡುಗ ಬಂದು ಈಗಿನ ಕಾರಿನ ಹಾಗೆ ಕನೆಕ್ಷನ್ ಕೊಟ್ಟರೆ ಅನಾಹುತ. ಬಾಯಮ್ಮನ ಗಂಡ ಬ್ಯಾಟರಿಯ ಪಕ್ಕದಲ್ಲೇ ಕೆಂಪು ಪೇಂಟಿನಲ್ಲಿ ಬರೆದಿಟ್ಟಿದ್ದಾರೆ, ಪುಣ್ಯಾತ್ಮರು.

ಓಡಿಸಿಯೂ ನೋಡಿದೆವು. ಮಾರ್ಗನ್ಸ್ ಗೇಟ್ ದಾಟಿ, ಮಂಗಳಾದೇವಿ ಕಡೆಯಿಂದ ಹಂಪನಕಟ್ಟೆ, ಅಲ್ಲಿಂದ ಬಾವುಟಗುಡ್ಡೆ ಏರು. ಗೇರಿನ ಕೋಲು ನೆಲದಿಂದ ಉದ್ದಕ್ಕೆ ಎದ್ದು ನಿಂತಿದೆ, ಕೈಗೆ ಸಲೀಸು. ಫಸ್ಟ್ ಗೇರಿಗೆ ಸಿಂಕ್ರೊಮೆಶ್, ಅಂದರೆ ಓಡುವಾಗ ಗೇರು ಸಲೀಸಾಗಿ ಕೂರಿಸುವ ಏರ್ಪಾಡು, ಇಲ್ಲ. ಕಾರು ಪೂರ್ತಿ ನಿಲ್ಲದೆ ಫಸ್ಟಿಗೆ ಹಾಕಿದರೆ ಕರ್ರ್ ಅನ್ನುತ್ತದೆ. ಏರಿನಲ್ಲಿ ಥರ್ಡ್ ಸಾಕಾಗಲಿಲ್ಲ, ಸೆಕೆಂಡಿಗೆ ಇಳಿಸಬೇಕಾಯಿತು. ಹಿಂದಿನಿಂದ ಸಿಟಿ ಬಸ್ಸಿನವನು ಹಾರ್ನ್ ಒತ್ತಿ ಒತ್ತಿ ಸುಸ್ತಾದ. ಓವರ್‌ಟೇಕ್ ಮಾಡುವಾಗ ಕಂಡಕ್ಟರ್ ಕಾರು ನೋಡಿ ನಕ್ಕು ಕೈ ಎತ್ತಿದ ಅನ್ನಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಿಂದ ಪುರ್ರ್ ಪುರ್ರ್ ಅಂತ ಒಂದು ಸದ್ದು ಬರುತ್ತದೆ. ತೂತು ಬಿದ್ದಿದೆ ಅಂತ ಹುಡುಕಬೇಡಿ, ಮೈನರ್ ಹುಟ್ಟಿನಿಂದಲೇ ಹಾಗೆ.

ಸ್ಟೇರಿಂಗ್ ಬಗ್ಗೆ ಏನು ಹೇಳಲಿ. ಪವರ್ ಸ್ಟೇರಿಂಗ್ ಇಲ್ಲ, ಬೇಕು ಅಂತಲೂ ಅನಿಸುವುದಿಲ್ಲ. ಬಲ್ಮಠದ ತಿರುವಿನಲ್ಲಿ ಕಾರು ಹೇಳಿದ ಗೆರೆಯಲ್ಲೇ ಹೋಯಿತು. ಎಪ್ಪತ್ತು ವರ್ಷ ದಾಟಿದ ಕಾರು ಇಷ್ಟು ಚೊಕ್ಕವಾಗಿ ತಿರುಗುವುದು ನೋಡಿದರೆ, ಇಸಿಗೋನಿಸ್‌ಗೆ ಯಾಕೆ ಅಷ್ಟು ಹೆಸರು ಅಂತ ತಿಳಿಯುತ್ತದೆ.

ಬ್ರೇಕು ಮಾತ್ರ ಕಳಪೆ. ನಾಲ್ಕೂ ಡ್ರಮ್ ಬ್ರೇಕ್, ಬೂಸ್ಟರ್ ಇಲ್ಲ. ಎರಡು ಸಲ ಪಂಪ್ ಮಾಡಿದ ಮೇಲೆ ಪೆಡಲ್ ಹಿಡಿಯುತ್ತದೆ. ಬ್ರೇಕಿಗೆ ಆಯಿಲ್ ಒತ್ತುವ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲಿನ ಕೆಳಗೆ, ನೆಲದ ಒಳಗೆ ಕೂತಿದೆ. ಆಯಿಲ್ ನೋಡಬೇಕಾದರೆ ಕಾರ್ಪೆಟ್ ಎತ್ತಬೇಕು. ಆ ಸಂದಿಗೆ ಮಳೆನೀರು ಹೋದರೆ ಸಿಲಿಂಡರ್ ಕಟ್ಟುತ್ತದೆ. ಇಲ್ಲಿ ಹೆಚ್ಚುಕಡಿಮೆ ಹಾಗೇ ಆಗಿದೆ. ಪೂರ್ತಿ ಬ್ರೇಕ್ ಓವರಾಲ್ ಮಾಡಿಸದೆ ಊರೊಳಗೆ ಓಡಿಸಬೇಡಿ.

ತಿರುಗುವ ಸೂಚನೆಗೆ ಬಾಗಿಲುಗಳ ನಡುವಿನ ಕಂಬದಿಂದ ಪುಟ್ಟ ಕೈಯೊಂದು ಹೊರಗೆ ಬರುತ್ತದೆ. ಎಡಗಡೆಯದ್ದು ಟಪ್ ಅಂತ ಬಂತು, ಕೆಂಪಗೆ ಉರಿಯಿತು. ಬಲಗಡೆಯದ್ದು ಬರಲಿಲ್ಲ. ಮೆಕ್ಯಾನಿಕ್ ಕಂಬಕ್ಕೆ ಒಂದು ಗುದ್ದು ಕೊಟ್ಟ, ಆಗ ಬಂತು. ಇದು ಚಂದ ಹೌದು, ಆದರೆ ಇಂದಿನ ಸ್ಕೂಟರಿನವರಿಗೆ ಅದು ಏನು ಅಂತಲೇ ಗೊತ್ತಾಗುವುದಿಲ್ಲ. ಬಂಪರಿನ ಕೆಳಗೆ ಸಣ್ಣ ಇಂಡಿಕೇಟರ್ ಹಾಕಿಸುವುದು ಒಳ್ಳೆಯದು. ನೀರಿನ ಬಿಸಿ ತೋರಿಸುವ ಮೀಟರೂ ಈ ಕಾರಿಗೆ ಇಲ್ಲ. ಹಬೆ ಬಂದ ಮೇಲೆಯೇ ಗೊತ್ತಾಗುವುದು.

ಭಾವನ ಮಗ ಇದಕ್ಕೂ ಮೊದಲು ಉಡುಪಿಯ ಹತ್ತಿರ ಇನ್ನೊಂದು ಮೈನರ್ ನೋಡಿ ಮರುಳಾಗಿದ್ದ. ಅದು ಕೆಂಪು ಬಣ್ಣ, ಮುಖ ಕಾಣುವಷ್ಟು ಪಾಲಿಶ್. ರೇಟು ಇದಕ್ಕಿಂತ ಜಾಸ್ತಿ. ಬಾನೆಟ್ ಎತ್ತಿದರೆ ಬೇರೆ ಯಾವುದೋ ಕಾರಿನ ಡೀಸೆಲ್ ಎಂಜಿನ್. ಅದನ್ನು ಕೂರಿಸಲು ಮುಂದಿನ ಭಾಗ ಕೊಯ್ದಿದ್ದಾರೆ. ಎಸಿ ಉಂಟು, ಸ್ಪೀಕರ್ ಉಂಟು. ದಿನಾ ಓಡಿಸಲು ಅದೇ ಸುಖ, ಒಪ್ಪುತ್ತೇನೆ. ಆದರೆ ಕೇಂದ್ರ ಸರಕಾರದ 2021ರ ನಿಯಮದ ಪ್ರಕಾರ ವಿಂಟೇಜ್ ಅನಿಸಿಕೊಳ್ಳಲು ಕಾರಿಗೆ 50 ವರ್ಷ ಆದರೆ ಸಾಲದು. ಚಾಸಿ, ಬಾಡಿ, ಎಂಜಿನ್ ಬದಲಾಗದೆ ಮೂಲ ರೂಪದಲ್ಲೇ ಇರಬೇಕು. ಕೆಂಪು ಕಾರು ಅಲ್ಲೇ ಹೊರಬೀಳುತ್ತದೆ. ಬೂದು ಕಾರಿಗೆ ಎದೆಯುಬ್ಬಿಸಿ ನಿಲ್ಲಬಹುದು. ಹೊಸದಾಗಿ ವಿಂಟೇಜ್ ನೋಂದಣಿ ಮಾಡುವವರಿಗೆ ಫೀಸು 20,000 ರೂಪಾಯಿ, ನಂಬರಿನಲ್ಲಿ ವಿಎ ಅಂತ ಬರುತ್ತದೆ, 10 ವರ್ಷಕ್ಕೆ ಊರ್ಜಿತ. ಮೊದಲೇ ನೋಂದಣಿ ಇದ್ದ ಕಾರಿಗೆ ಹಳೆಯ ನಂಬರೇ ಉಳಿಸಿಕೊಳ್ಳಲು ಅವಕಾಶ ಇದೆ. ಈ ಕಾರಿಗೆ ಅದು ಮುಖ್ಯ. ನಮ್ಮ ಜಿಲ್ಲೆ 1956ರ ತನಕ ಮದ್ರಾಸ್ ರಾಜ್ಯದಲ್ಲಿತ್ತು, ಇದರ ನಂಬರ್ ಆ ಕಾಲದ್ದು. ಆ ಪ್ಲೇಟು ಹೋದರೆ ಅರ್ಧ ಚಂದ ಹೋಯಿತು. ಕಾಗದಪತ್ರವೆಲ್ಲ ಎತ್ತಿಕೊಂಡು ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ, ಆಮೇಲೆ ಅಡ್ವಾನ್ಸ್ ಕೊಡಿ.

ವಿಂಟೇಜ್ ಅಂತ ನೋಂದಣಿಯಾದ ಕಾರನ್ನು ದಿನಾ ಆಫೀಸಿಗೆ ಒಯ್ಯಲು ಆಗುವುದಿಲ್ಲ, ಬಾಡಿಗೆಗೆ ಬಿಡಲೂ ಆಗುವುದಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲು ಹಾಕಿಸುವುದು, ರಿಪೇರಿ, ಇಷ್ಟಕ್ಕೇ ರಸ್ತೆಗೆ ಬರಬಹುದು. ಇದನ್ನು ಯಾಕೆ ಹೇಳಿದೆ ಅಂದರೆ, ನಾವಿದ್ದಾಗಲೇ ಒಬ್ಬ ಬ್ರೋಕರ್ ಬಂದು, "ಮದುವೆಗೆ ಬಾಡಿಗೆ ಬಿಟ್ಟರೆ ಎರಡು ಸೀಸನ್‌ನಲ್ಲಿ ದುಡ್ಡು ವಾಪಸ್" ಅಂತ ಶುರು ಮಾಡಿದ. ಬಾಯಮ್ಮನಿಗೆ ಸಿಟ್ಟು ಬಂತು. "ಈ ಮನೆಯ ನಾಲ್ಕು ಮದುಮಗಳಂದಿರು ಇದರಲ್ಲೇ ಇಗರ್ಜಿಗೆ ಹೋದದ್ದು. ನಾವು ಯಾರ ಹತ್ತಿರವೂ ಬಾಡಿಗೆ ಕೇಳ್ಲಿಲ್ಲ" ಅಂದರು. ಬ್ರೋಕರ್ ಸುಮ್ನೆ ಹೊರಟುಹೋದ.

ಈಗ ದುಡ್ಡಿನ ಮಾತು. 6 ಲಕ್ಷ ನನ್ನ ಲೆಕ್ಕದಲ್ಲಿ ಸ್ವಲ್ಪ ಹೆಚ್ಚಾಯಿತು. ಟೈರು ನೋಡಲು ಚೆನ್ನಾಗಿದೆ, ರಬ್ಬರ್ ಕಲ್ಲಾಗಿದೆ, ಐದೂ ಬದಲಿಸಬೇಕು. ಬ್ರೇಕ್, ಎಡಗಡೆಯ ಟ್ರನಿಯನ್, ಬಾಗಿಲು ಮತ್ತು ಗಾಜಿನ ಬೀಡಿಂಗ್ ಎಲ್ಲ ಖರ್ಚಿನ ಬಾಬ್ತು. ಈಗ ಪಂಪುಗಳಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಬೆರೆಸಿದ ಪೆಟ್ರೋಲು. ಆ ಕಾಲದ ರಬ್ಬರಿಗೆ ಅದು ಆಗುವುದಿಲ್ಲ, ಮೆತ್ತಗಾಗಿ ಬಿರಿಯುತ್ತದೆ. ಪೆಟ್ರೋಲ್ ಹೋಸ್, ಪಂಪಿನ ಡಯಾಫ್ರಂ ಎರಡನ್ನೂ ತಡೆಯುವ ಜಾತಿಯದ್ದಕ್ಕೆ ಬದಲಿಸಿ. ಬೆಂಕಿಯ ವಿಷಯ, ಜುಗ್ಗತನ ಬೇಡ. ಮುಂದಿನ ಗಾಜಿನ ಚಿಂತೆ ಮಾತ್ರ ಇಲ್ಲ. ಎರಡೂ ಚಪ್ಪಟೆ ಗಾಜು, ಒಡೆದರೆ ಲ್ಯಾಮಿನೇಟೆಡ್ ಗಾಜು ಅಳತೆಗೆ ಕತ್ತರಿಸಿ ಕೊಡುವವರು ಊರಲ್ಲೇ ಸಿಗುತ್ತಾರೆ. ಉಳಿದ ಸಾಮಾನಿಗೆ ಇಂಗ್ಲೆಂಡಿನ ಕಡೆ ನೋಡಬೇಕು. ಅಲ್ಲಿ ಮೈನರ್‌ಗೆ ಇವತ್ತಿಗೂ ಹೊಸ ಪಾರ್ಟು ತಯಾರಾಗುತ್ತದೆ. ಸಾಮಾನಿನ ಬೆಲೆಗಿಂತ ಪಾರ್ಸೆಲ್ಲು, ಕಸ್ಟಮ್ಸು ಎಂದು ಕೈ ಸುಡುವುದೇ ಜಾಸ್ತಿ. ಎಲ್ಲ ಕೂಡಿಸಿದರೆ ಒಂದು ಲಕ್ಷದ ಹತ್ತಿರ ಹೋಗುತ್ತದೆ ಅಂತ ನಾನೂ ಮೆಕ್ಯಾನಿಕ್ಕೂ ಅಂದಾಜು ಹಾಕಿದೆವು. ಹಾಗಾಗಿ 5 ಲಕ್ಷಕ್ಕೆ ಸಿಕ್ಕಿದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಐದೂವರೆಗೂ ನಷ್ಟ ಇಲ್ಲ. ಆರು ಕೊಡಬೇಡಿ.

ಚೌಕಾಸಿಗೆ ಬಾಯಮ್ಮ ಒಪ್ಪುತ್ತಾರೆ. ಒಪ್ಪದಿರುವುದು ಎರಡಕ್ಕೆ. ಶೂಟಿಂಗಿಗೆ ಬೇಕು ಅಂತ ಬಂದವರಿಗೆ ಕೊಡುವುದಿಲ್ಲ, ಹೊರಗೆ ಮರದಡಿ ನಿಲ್ಲಿಸುವವರಿಗೂ ಕೊಡುವುದಿಲ್ಲ. "ಮಾಡು ಉಂಟಾ?" ಅಂತ, ಅಂದರೆ ಕಾರಿಗೆ ಸೂರು ಇದೆಯಾ ಅಂತ, ಮೊದಲೇ ಕೇಳುತ್ತಾರೆ. ಭಾವನ ಮಗನ ಅಪಾರ್ಟ್‌ಮೆಂಟಿನಲ್ಲಿ ಪಾರ್ಕಿಂಗ್ ಬಯಲಲ್ಲಿದೆ. ಅಲ್ಲಿಗೆ ಅವನ ಕಥೆ ಮುಗಿಯಿತು. ಆ ಸಿಟ್ಟಿಗೆ ಈಗ ನನ್ನ ಹತ್ತಿರ ಮಾತು ಕಮ್ಮಿ ಮಾಡಿದ್ದಾನೆ. ಹಾಗಾಗಿ ಕಾರು ಇನ್ನೂ ಮಾರಾಟಕ್ಕಿದೆ, ಕಾರಿಗೆ ಸೂರು ಇರುವ ಬೇರೆ ಯಾರಾದರೂ ನೋಡಬಹುದು.

ಬೆಂಗಳೂರಿನವರು ಕೊಳ್ಳುವುದಾದರೆ ಓಡಿಸಿಕೊಂಡು ಹೋಗುವ ಆಸೆ ಬಿಡಿ. ಈ ಬ್ರೇಕಿನಲ್ಲಿ, ಈ ಟೈರಿನಲ್ಲಿ ಶಿರಾಡಿ ಘಾಟಿ ಬೇಡ. ಫ್ಲಾಟ್‌ಬೆಡ್ ಲಾರಿ ಮಾಡಿ. ಮಳೆ ಹಿಡಿಯುವ ಮೊದಲು ಶೆಡ್ಡು ಖಾಲಿಯಾಗಬೇಕು, ಬಿಲ್ಡರ್ ಅವಸರ ಮಾಡುತ್ತಿದ್ದಾನೆ. ಕಾರು ಎತ್ತುವ ದಿನ ಶೆಡ್ಡಿನ ಅಟ್ಟದ ಮೇಲೂ ಒಮ್ಮೆ ನೋಡಿ. ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿ ಒಂದುಂಟು. ಅದರಲ್ಲಿ ಕಂಪನಿಯ ಪ್ಯಾಕೆಟ್ಟಿನಲ್ಲೇ ಇರುವ ಕಾಂಟ್ಯಾಕ್ಟ್ ಪಾಯಿಂಟು, ಒಂದು ಜೊತೆ ಬ್ರೇಕ್ ಶೂ, ಡೈನಮೋ ಬ್ರಶ್ಶು, ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡುವ ಸರಳು, ಒಂದು ಸೈಡ್ ಲ್ಯಾಂಪಿನ ಗಾಜು ಎಲ್ಲ ಇದೆ. ಬ್ರೋಕರ್ ಮೂಲಕ ಹೋದರೆ ಆ ಡಬ್ಬಿ ನಿಮ್ಮ ಕೈಗೆ ಬರುವುದಿಲ್ಲ. ನೇರ ಬಾಯಮ್ಮನನ್ನೇ ಕೇಳಿ, ಕಾರಿನ ಜೊತೆಗೇ ಕೊಡುತ್ತೇನೆ ಅಂತ ನನ್ನೆದುರು ಹೇಳಿದ್ದಾರೆ.